ಉರುಳಿಯೊಳಗಿನ ನಕ್ಷತ್ರ ಆಮೆ

"ಆಮೆ ಸರಿಯಾಗಿ ಈಜ್ತಿಲ್ಲ, ಜ್ವರಗಿರ ಬಂದಿರ್ಬೇಕು" ಎಂದು ಹಲಸೂರಿನಿಂದ ಫೋನು ಬಂದಾಗಲೇ ನನಗೆ ಹೇಸಿಗೆ ಶುರುವಾಗಿತ್ತು. ವನ್ಯಜೀವಿ ರಕ್ಷಣೆಯ ಕೆಲಸಕ್ಕೆ ಬಿದ್ದು ಇಷ್ಟು ವರ್ಷವಾದ ಮೇಲೆ ಎದುರಿಗೆ ಏನು ಕಾದಿದೆ ಎಂದು ಫೋನಿನಲ್ಲೇ ಗೊತ್ತಾಗುತ್ತದೆ. ಪುಲಿಕೇಶಿನಗರದಿಂದ ಸ್ಕೂಟರಿನಲ್ಲಿ ಹೋದೆ.

ಮನೆ ಯಜಮಾನರ ಅಪ್ಪನ ಕಾಲಕ್ಕೆ ಆ ಜಾಗದಲ್ಲಿ ರಾಗಿ ಹೊಲವಿತ್ತಂತೆ. ಈಗ ನಾಲ್ಕು ಮಹಡಿ, ಮೂರರಲ್ಲಿ ಬಾಡಿಗೆಯವರು. ಹಾಲಿನ ಉತ್ತರ ಮೂಲೆಯಲ್ಲಿ ದೊಡ್ಡ ಹಿತ್ತಾಳೆ ಉರುಳಿ, ಅದರ ತುಂಬ ನೀರು, ಮೇಲೆ ಗುಲಾಬಿ ಎಸಳು. ಒಳಗೆ ನಕ್ಷತ್ರ ಆಮೆ. ಅದು ಒಣ ಕುರುಚಲು ಕಾಡಿನಲ್ಲಿ ಹುಲ್ಲು ಮೇಯ್ದುಕೊಂಡು ಓಡಾಡುವ ಪ್ರಾಣಿ, ಈಜು ಅದಕ್ಕೆ ಬರುವುದಿಲ್ಲ. ಚಿಪ್ಪಿಗೆ ಚಿನ್ನದ ಬಣ್ಣ ಬಳಿದು ನಡುವೆ ಕುಂಕುಮ ಇಟ್ಟಿದ್ದರು. ಹಿಂಗಾಲ ಮೇಲೆ ನಿಂತು, ಮೂಗಷ್ಟನ್ನೇ ನೀರಿನಿಂದ ಮೇಲಿಟ್ಟುಕೊಂಡಿತ್ತು. ನೀರು ನಾರುತ್ತಿತ್ತು.

"ಆಮೆ ಅಂದ್ಮೇಲೆ ನೀರಲ್ಲೇ ತಾನೆ ಇರೋದು? ವಾಸ್ತುಗೆ ಒಳ್ಳೇದು ಅಂದ್ರು, ಶಿವಾಜಿನಗರದಿಂದ ತರಿಸ್ದೆ" ಎಂದರು ಯಜಮಾನರು. ಕೈಮುಗಿಯುತ್ತಲೇ ಕೊಲ್ಲುವ ಜನ ಎಂದು ಮನಸ್ಸಿನಲ್ಲೇ ಉಗಿದೆ.

ಅಷ್ಟರಲ್ಲಿ ಅವರ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಉರುಳಿಗೆ ಕೈ ಹಾಕಿದರು. "ಇದು ಹೊಲದಾಮೆ ಕಣೋ ಅಂತ ಮೊದಲ್ನೇ ದಿನಾನೇ ಹೇಳ್ದೆ. ಯಾರ್ ಕೇಳ್ತಾರೆ ನನ್ ಮಾತು?"

"ಮುಟ್ಬೇಡಿ ಅಜ್ಜಿ, ಮೊದ್ಲು ಫೋಟೋ ಆಗ್ಬೇಕು" ಎಂದೆ.

ನಮ್ಮ ತಂಡದ ಪದ್ಧತಿ ಅದು. ಇದ್ದಲ್ಲೇ, ಇದ್ದ ಹಾಗೇ, ನಾಲ್ಕೂ ಕಡೆಯಿಂದ ಫೋಟೋ ತೆಗೆದು ಕಚೇರಿಗೆ ಕಳಿಸಬೇಕು. ಆ ಕಡೆಯಿಂದ ಸರಿ ಎಂದ ಮೇಲೆ ಎತ್ತಬೇಕು. ಇಲ್ಲದಿದ್ದರೆ ಅಕ್ರಮವಾಗಿ ಸಾಕಿದ ಕೇಸು ನಿಲ್ಲುವುದಿಲ್ಲ. ಅಜ್ಜಿ ಕೈ ಹಿಂದಕ್ಕೆ ತೆಗೆದರು. ನಾನು ಎಸಳು ಸರಿಸಿ, ಬೆಳಕು ಸಾಲದೆಂದು ಕಿಟಕಿಯ ಪರದೆ ತೆಗೆಸಿ, ಒಂದೊಂದಾಗಿ ಕ್ಲಿಕ್ಕಿಸಿದೆ. ಮೂರನೆಯದಕ್ಕೆ ಮೂಗು ನೀರಿನೊಳಗೆ ಹೋಯಿತು. ಹೆದರಿ ತಲೆ ಒಳಗೆಳೆದುಕೊಂಡಿತು ಎಂದುಕೊಂಡೆ, ಆಮೆಗಳು ಮಾಡುವುದೇ ಹಾಗೆ. ನಾಲ್ಕನೆಯದನ್ನೂ ತೆಗೆದು ಕಳಿಸಿ, ಉತ್ತರಕ್ಕೆ ಕಾದೆ.

ಎತ್ತಿದಾಗ ಕತ್ತು ಜೋತುಬಿತ್ತು. ತಲೆಕೆಳಗೆ ಹಿಡಿದು, ಕಾಲುಗಳನ್ನು ಒತ್ತಿ ಒತ್ತಿ ನೀರು ಬಸಿದೆ. ಬಹಳ ಹೊತ್ತು ಒತ್ತಿದೆ. ಏನೂ ಆಗಲಿಲ್ಲ.

"ಮನೇಲೇ ಸತ್ರೆ ದೋಷ ಅಂತಾರಲ್ಲ, ಹೌದಾ?" ಎಂದು ಯಜಮಾನರು ಕೇಳಿದರು. ಇನ್ನೊಂದು ದಿನವಾಗಿದ್ದರೆ ಅವರ ಚಳಿ ಬಿಡಿಸುತ್ತಿದ್ದೆ. ಅಂದು ಅವರಿಗಿಂತ ನನ್ನ ಮೇಲೆಯೇ ಹೆಚ್ಚು ಅಸಹ್ಯವಾಗಿತ್ತು.

ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ನಾನು ಕೈ ಹಾಕ್ದಾಗ್ಲೇ ಎತ್ತಿದ್ರೆ ಬದುಕ್ತಿತ್ತಾ?" ಎಂದರು.

"ಇಲ್ಲ ಅಜ್ಜಿ, ಆಗ್ಲೇ ಹೋಗ್ಬಿಟ್ಟಿತ್ತು" ಎಂದೆ.

ಕೇಸಿಗೆ ಕೊಟ್ಟ ಮೊದಲೆರಡು ಫೋಟೋಗಳಲ್ಲಿ ಅದು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದೆ.