ವನಂತೋಣಿಯಪ್ಪನ ತಂಗಿ

ಗಂಜಿ ಹಾಕಿದ ಹತ್ತಿ ಬಟ್ಟೆಗೊಂದು ವಾಸನೆ ಇರುತ್ತದಲ್ಲ, ಹಸಿಹಸಿಯಾಗಿ, ಅನ್ನದ ಹಾಗೆ, ನಿಮಗೆ ಗೊತ್ತಿರಬಹುದು. ಇವತ್ತು ಬೀರು ತೆಗೆದಾಗ ಅದು ಗಮ್ಮೆಂದು ಬಂತು. ಅಮೆರಿಕದ ಈ ಡಬ್ಲಿನ್ನಿನಲ್ಲಿ ಬೇರೆ ಯಾರ ಮನೆಯಲ್ಲೂ ಆ ವಾಸನೆ ಇಲ್ಲ. ಇಲ್ಲಿ ಬಟ್ಟೆ ಮೆಷಿನ್ನಿನಿಂದ ಒಣಗಿಯೇ ಬರುತ್ತದೆ, ಹಾಗೇ ಹಾಕಿಕೊಳ್ಳುತ್ತಾರೆ. ನಾನು ಮಾತ್ರ ಹೋದ ತಿಂಗಳು ಒಂದು ಬಿಳಿ ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಹಿತ್ತಲಿನ ಕುರ್ಚಿಗಳ ಮೇಲೆ ಹರಡಿ, ಮಗಳ ಕೈಲಿ ಬೈಸಿಕೊಂಡೆ. "ಅಮ್ಮಾ, ಹೊರಗೆ ಬಟ್ಟೆ ಒಣಗಿಸಿದ್ರೆ ಕಾಲೋನಿ ಅಸೋಸಿಯೇಷನ್ನವರು ನೋಟಿಸು ಕಳಿಸ್ತಾರೆ ನೋಡ್ತಿರು!"

ಎಲ್ಲ ಮೊಮ್ಮಗಳು ಲೀನಾಳ ಸಲುವಾಗಿ. ಎಂಟು ವರ್ಷದವಳು. ಅವಳ ವಿಚಾರ ಬರೆಯಲು ಕೂತರೆ ನನಗೆ ನಿಲ್ಲಿಸಲು ಬರುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಅಕ್ಷರ ಡೊಂಕು. ಸಂತೋಷ ಸಾಲು ಮೀರಿ ಹರಿದರೆ ನೀವೇ ಸಹಿಸಿಕೊಳ್ಳಬೇಕು. ಸಕಲ ಸಂತರ ಹಬ್ಬಕ್ಕೆ ಚರ್ಚಿನಲ್ಲಿ ಮಕ್ಕಳು ಒಬ್ಬೊಬ್ಬ ಸಂತರ ವೇಷ ಹಾಕಬೇಕಿತ್ತು. ಹಿಂದಿನ ದಿನ ಆ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಹೇಳಿದೆ, "ನಮ್ಮ ವನಂತೋಣಿಯಪ್ಪ ಆಗು ಮಗಾ."

"ವನ್ ಆಂಟನಿ? ದೆನ್ ಹೂ ಈಸ್ ಟೂ ಆಂಟನಿ, ಅಜ್ಜಿ?"

ನಕ್ಕು ನಕ್ಕು ಸಾಕಾಯಿತು. ಈಜಿಪ್ಟಿನ ಮರಳುಗಾಡಿನಲ್ಲಿದ್ದ ಸಂತ ಅಂತೋಣಿಯನ್ನು ಹಾಸನದ ಕಡೆಯ ನಮ್ಮೂರಲ್ಲಿ ವನವಾಸಿ ಅಂತೋಣಿ, ಬಾಯಿಮಾತಿನಲ್ಲಿ ವನಂತೋಣಿ ಎನ್ನುತ್ತೇವೆ. ಸಂಕ್ರಾಂತಿ ಕಳೆದ ಮೇಲೆ ಅವರ ಹಬ್ಬ. ದನಗಳ ಕೊಂಬಿಗೆ ಬಣ್ಣ ಬಳಿದು ಚರ್ಚಿನ ಮುಂದೆ ನಿಲ್ಲಿಸಿ ತೀರ್ಥ ಚಿಮುಕಿಸುತ್ತಿದ್ದರು. ಮಗುವನ್ನು ಎತ್ತಿಕೊಂಡಿರುವ ಇನ್ನೊಬ್ಬ ಸಂತ, ಪಾದುವಾದ ಅಂತೋಣಿ, ಎಷ್ಟೋ ಕಾಲದ ನಂತರದವರು. ಹಾಗೆ ನೋಡಿದರೆ ಹುಡುಗಿ ತಪ್ಪು ಕೇಳಿಸಿಕೊಂಡರೂ ಸರಿಯಾಗಿಯೇ ಹೇಳಿದಳು, ಇವರೇ ಒಂದನೇ ಅಂತೋಣಿ.

ಕಥೆ ಶುರು ಮಾಡಿದೆ. ಅಪ್ಪ ಅಮ್ಮ ತೀರಿಕೊಂಡಾಗ ಅಂತೋಣಿ ಎಳೆಯ ಹುಡುಗ. ಒಂದು ದಿನ ಚರ್ಚಿನಲ್ಲಿ, ಇರುವುದನ್ನೆಲ್ಲ ಬಡವರಿಗೆ ಕೊಟ್ಟು ಹಿಂದೆ ಬಾ ಎಂಬ ಯೇಸುವಿನ ಮಾತು ಕಿವಿಗೆ ಬಿತ್ತು, ತನಗೇ ಹೇಳಿದಂತಾಯಿತು. ಹೊಲವನ್ನು ಊರವರಿಗೆ ಕೊಟ್ಟ. ಪುಟ್ಟ ತಂಗಿಯನ್ನು ದೇವರ ಸೇವೆಯಲ್ಲಿದ್ದ ಹೆಣ್ಣುಮಕ್ಕಳ ಮನೆಯಲ್ಲಿ ಬಿಟ್ಟ. ಪಾಳುಕೋಟೆಯೊಂದರಲ್ಲಿ ಬಾಗಿಲು ಹಾಕಿಕೊಂಡು ವರ್ಷಗಟ್ಟಲೆ ಒಬ್ಬನೇ ಇದ್ದ. ಜನ ತಾಳಲಾರದೆ ಬಾಗಿಲು ಮುರಿದರು. ಹುಚ್ಚು ಹಿಡಿದು ಒಣಗಿಹೋಗಿರುತ್ತಾನೆ ಎಂದುಕೊಂಡರೆ, ನಿನ್ನೆ ಒಳಗೆ ಹೋದವನ ಹಾಗೆ ನೆಟ್ಟಗೆ ನಡೆದು ಬಂದು, ದುಃಖದಲ್ಲಿದ್ದವರಿಗೆ ಸಮಾಧಾನ ಹೇಳಿದ. ಅವನನ್ನು ನೋಡಿ ಒಬ್ಬೊಬ್ಬರಾಗಿ ಬಂದು ಗುಡಿಸಲು ಹಾಕಿದರು, ಮರಳುಗಾಡು ಊರಾಯಿತು. ಲೋಕದ ಕ್ರೈಸ್ತ ಮಠಗಳಿಗೆಲ್ಲ ಅವನೇ ಅಪ್ಪ. ಪುಸ್ತಕ ಓದಿದವನಲ್ಲ, ಬುಟ್ಟಿ ಹೆಣೆದು ಬದುಕಿದವನು. ಪಂಡಿತರು ಹಾಸ್ಯ ಮಾಡಲು ಬಂದರೆ, ಬುದ್ಧಿ ಮೊದಲೋ ಅಕ್ಷರ ಮೊದಲೋ ಎಂದು ಕೇಳಿ ಕಳಿಸಿದನಂತೆ. ಈ ಭಾಗವನ್ನು ನಾನು ತುಸು ಗಟ್ಟಿಯಾಗಿಯೇ ಹೇಳುತ್ತೇನೆ, ಒಳಗೆ ಮೀಟಿಂಗಿನಲ್ಲಿರುವ ಅಳಿಯನಿಗೂ ಕೇಳಿಸಲಿ ಎಂದು.

ಲೀನಾಳ ಮನಸ್ಸು ಮಾತ್ರ ಕಥೆಯ ತಂಗಿಯ ಹತ್ತಿರವೇ ನಿಂತಿತ್ತು. "ವೇಟ್, ಅಜ್ಜಿ. ಡಿಡ್ ಹಿ ಆಸ್ಕ್ ಹರ್?"

"ಗೊತ್ತಿಲ್ಲ ಕಣೇ."

"ವಾಟ್ಸ್ ಹರ್ ನೇಮ್?"

"ಹೆಸರು ಯಾರೂ ಹೇಳಿಲ್ಲ."

"ದಟ್ಸ್ ಸೋ ಮೀನ್! ನಾನು ತಂಗಿ ಆಗ್ತೀನಿ."

ಅವನು ಅವಳನ್ನು ಕೇಳಿದನಾ? ಇಡೀ ಜನ್ಮದಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ನನ್ನ ಅಣ್ಣನ ಹೆಸರೂ ಅಂತೋಣಿಯೇ, ಮನೆಯಲ್ಲಿ ಅಂತಪ್ಪ. ನಮ್ಮ ಅಪ್ಪ ಅಮ್ಮ ಒಂದೇ ಬೇಸಿಗೆಯಲ್ಲಿ ಜ್ವರಕ್ಕೆ ಹೋದರು. ಮುಂದಿನ ಹಬ್ಬದಲ್ಲಿ ಫಾದರು ಇದೇ ಕಥೆ ಹೇಳಿದರು, ಅಣ್ಣ ಕೇಳಿದ. ಅಷ್ಟೆ. ಇದ್ದ ತುಂಡು ಹೊಲವನ್ನು ಇಲ್ಲದವರಿಗೆ ಬಿಟ್ಟುಕೊಟ್ಟು, ನನ್ನನ್ನು ಪೇಟೆಯ ಕಾನ್ವೆಂಟಿಗೆ ಒಪ್ಪಿಸಿ, ಬೆಟ್ಟದ ಮೇಲಿನ ಮಠ ಸೇರಿದ. ಗೇಟಿನ ಹತ್ತಿರ "ಅಮ್ಮನೋರು ನೋಡ್ಕತಾರೆ ಕಣವ್ವ, ಹೆದ್ರಬೇಡ" ಎಂದ. ಆ ಅಮ್ಮನೋರು, ಕನ್ಯಾಸ್ತ್ರೀಯರು, ನಿಜಕ್ಕೂ ಚೆನ್ನಾಗಿಯೇ ನೋಡಿಕೊಂಡರು. ಬಲಿಪೀಠದ ಬಟ್ಟೆಗೆ ಗಂಜಿ ಹಾಕುವುದನ್ನು ಕಲಿಸಿದರು, ಪುಸ್ತಕಕ್ಕಿಂತ ನನಗೆ ಅದೇ ಹತ್ತಿತು. ನನ್ನ ಮದುವೆಗೆ ಅಣ್ಣ ಬಂದ, ಆಶೀರ್ವಾದ ಮಾಡಿದ, ಊಟಕ್ಕೂ ನಿಲ್ಲದೆ ಹೋದ. ಎಂಥ ತ್ಯಾಗ ಎಂದು ಜನ ಅವನನ್ನು ಹೊಗಳುತ್ತಿದ್ದರು. ತ್ಯಾಗವಾದದ್ದು ನಾನು.

ಈಗ ಅವನ ಎದೆ ಸೋತಿದೆ. ಇಲ್ಲಿ ಶನಿವಾರ ಸಂಜೆಯಾದರೆ ಅಲ್ಲಿ ಭಾನುವಾರದ ಪೂಜೆ ಮುಗಿದಿರುತ್ತದೆ. ವಿಡಿಯೋ ಕರೆ ಮಾಡುತ್ತಾನೆ. "ಚೆನ್ನಾಗಿದೀಯಾ ಅಣ್ಣ" ಎಂದು ಕೇಳಿ ನಾನು ಫೋನನ್ನು ಮಗಳಿಗೆ ದಾಟಿಸಿಬಿಡುತ್ತಿದ್ದೆ. ಅವನು ಹೋಗುವ ಮೊದಲು ಕೇಳಬೇಕಾದದ್ದು ಒಂದಿತ್ತು, ನಾಲಿಗೆ ಏಳುತ್ತಿರಲಿಲ್ಲ.

ಅವತ್ತೂ ಶನಿವಾರ. ಕರೆ ಬಂತು. ಬಿಳಿ ಬಟ್ಟೆ ಸುತ್ತಿಕೊಂಡಿದ್ದ ಲೀನಾ ಓಡಿಹೋಗಿ ಎತ್ತಿದಳು. "ತಾತ, ಐ ಆಮ್ ವನ್ ಆಂಟನೀಸ್ ಸಿಸ್ಟರ್! ಅವನು ಅವಳನ್ನ ಕೇಳಿದ್ನಾ?"

ಅಣ್ಣ "ನಿಮ್ಮಜ್ಜಿಗೆ ಕೊಡವ್ವ" ಎಂದ.

ನಾನು ಫೋನು ಹಿಡಿದೆ.

"ಕೇಳ್ಲಿಲ್ಲ ಕಣವ್ವ," ಎಂದ. "ಕೇಳಿದ್ರೆ ನೀನು ಬೇಡ ಅಂತಿದ್ದೆ, ನಾನು ನಿಂತ್ಬಿಡ್ತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಅವನೇ ಮುಂದುವರಿದ. "ಕಥೇಲಿ ಇನ್ನೊಂದು ಚೂರಿದೆ, ಅವತ್ತು ಫಾದರು ಹೇಳಿರ್ಲಿಲ್ಲ. ಮುದುಕನಾದ್ಮೇಲೆ ಅಂತೋಣಿ ಬೆಟ್ಟ ಇಳಿದು ಬಂದು ತಂಗೀನ ನೋಡ್ದ. ಅವಳೂ ಮುದುಕಿ. ಸುತ್ತ ಹೆಣ್ಣುಮಕ್ಕಳು, ಅವರಿಗೆಲ್ಲ ಇವಳೇ ಹಿರೀಳು. ನೋಡಿ ಬಹಳ ಸಂತೋಷಪಟ್ಟ ಅಂತ ಇದೆ."

"ಅವಳು?"

"ಅವಳೇನು?"

"ಅವಳು ಸಂತೋಷಪಟ್ಟಳಾ?"

"ಅದು ಬರೆದಿಲ್ಲ ಕಣವ್ವ."

"ಹಂಗಾದ್ರೆ ನಾನು ಹೇಳ್ತೀನಿ ಕೇಳು," ಎಂದೆ. "ಮೊದ್ಲು ಅತ್ತಿದ್ದು. ಆಮೇಲೆ ಸಂತೋಷ."

ಮಾರನೆಯ ದಿನ ಚರ್ಚಿನಲ್ಲಿ ಫಾದರು ಲೀನಾಳನ್ನು ಯಾವ ಸಂತಳಮ್ಮ ನೀನು ಎಂದು ಕೇಳಿದರೆ, ಮೈಕಿನಲ್ಲೇ "ನೋಬಡಿ ರೋಟ್ ಡೌನ್ ಮೈ ನೇಮ್" ಎಂದಳು ನನ್ನ ಬಂಗಾರ. ನಾನು ಅತ್ತು ನಗುವುದನ್ನು ನೋಡಿ ಪಕ್ಕದ ಫಿಲಿಪಿನೋ ಅಜ್ಜಿ ತನ್ನ ಟಿಶ್ಯೂ ಪೊಟ್ಟಣವನ್ನೇ ಕೊಟ್ಟುಬಿಟ್ಟರು.

ಈಗ ಶನಿವಾರ ಸಂಜೆ ಫೋನು ನನ್ನ ಕೈಯಲ್ಲೇ ಇರುತ್ತದೆ. ಕಾನ್ವೆಂಟಿನ ಗೇಟಿನಿಂದ ಹಿಡಿದು ನನ್ನ ಕಥೆಯನ್ನು ಹೇಳುತ್ತಿದ್ದೇನೆ, ನಾನು ಅತ್ತ ವರ್ಷಗಳೇ ಇನ್ನೂ ಮುಗಿದಿಲ್ಲ. ಅಣ್ಣ ಕಣ್ಣು ಮುಚ್ಚಿ ಕೇಳುತ್ತಾನೆ, ನಡುನಡುವೆ ಕೆಮ್ಮುತ್ತಾನೆ. ಮಗಳು ಹುಟ್ಟಿದ್ದು, ಲೀನಾ ಹುಟ್ಟಿದ್ದು, ಎಲ್ಲ ಇನ್ನು ಮುಂದಿದೆ. ಅಲ್ಲಿಯವರೆಗೂ ಅವನು ಇರಬೇಕು.