ಸುಂಕಮ್ಮನ ತಂಬಿಗೆ ಆಂಬುಲೆನ್ಸ್ ಇಳಿದದ್ದು

ಕೊಟ್ಟೂರಿನಲ್ಲಿ ಕೊಟ್ರಬಸಪ್ಪನ ಆಂಬುಲೆನ್ಸ್ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಸುಂಕಮ್ಮನ ಗಾಡಿ ಎಲ್ಲಿ ಎಂದರೆ ಕೈ ಮಾಡಿ ತೋರಿಸುತ್ತಾರೆ. ಗಾಡಿಯ ಕಾಗದಪತ್ರಗಳು ಗಂಡನ ಹೆಸರಿನಲ್ಲಿವೆ, ಸ್ಟೇರಿಂಗೂ ಅವನ ಕೈಯಲ್ಲಿದೆ. ಆದರೆ ಹಿಂದಿನ ಬಾಗಿಲು ತೆಗೆದರೆ ಒಳಗಿರುವುದೆಲ್ಲ ಸುಂಕಮ್ಮನ ಸಂಸಾರ. ಒಗೆದು ಮಡಚಿದ ಕೌದಿ, ಕಿಟಕಿಗೆ ತಾನೇ ಹೊಲಿದ ಪರದೆ, ಸೀಟಿನ ಕೆಳಗೆ ಒಂದು ಹಿತ್ತಾಳೆ ತಂಬಿಗೆ.

ಅವಳು ಗಾಡಿ ಹತ್ತಿದ್ದಕ್ಕೂ ಕಾರಣವಿತ್ತು. ಗಾಡಿ ತಂದ ಹೊಸದರಲ್ಲಿ ಕೊಟ್ರಬಸಪ್ಪ ಒಬ್ಬನೇ ಹೋಗುತ್ತಿದ್ದ. ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಹೆರಿಗೆ ನೋವು ಬಂದ ಹುಡುಗಿಯನ್ನು ಕರೆದೊಯ್ಯಲು ಹೋದಾಗ, ಅವಳ ಅಜ್ಜಿ ಗಾಡಿಗೆ ಅಡ್ಡ ನಿಂತು, "ಒಳಗ ಹೆಣ್ಣುಮಗಳು ಅದಾಳೇನು? ಇಲ್ಲಂದ್ರ ಖಾಲಿ ಗಾಡಿ ತಗೊಂಡು ಹೋಗಪ್ಪ" ಎಂದಳಂತೆ. ಮರುದಿನದಿಂದ ಸುಂಕಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಕೂತವಳು ಮತ್ತೆ ಇಳಿಯಲಿಲ್ಲ.

ರೋಗಿಯ ತಲೆ ಹಿಡಿದುಕೊಳ್ಳುವುದು, ಅಳುವವರನ್ನು ಗದರಿಸುವುದು, ಗದರುವವರನ್ನು ಸಮಾಧಾನ ಮಾಡುವುದು ಅವಳ ಕೆಲಸ. ಎಲ್ಲಕ್ಕೂ ಮೊದಲು ನೀರು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಕೂಡ್ರಿ ಅನ್ನುವುದಕ್ಕೂ ಮೊದಲು ತಂಬಿಗೆ ನೀರು ಮುಂದಿಡುತ್ತೇವೆ. ಸುಂಕಮ್ಮನಿಗೆ ಗಾಡಿಯೆಂದರೆ ಗಾಲಿ ಬಂದ ಮನೆ. ಮನೆಗೆ ಬಂದವರು ಮಲಗಿಕೊಂಡೇ ಬಂದರೆ ಏನಾಯಿತು, ನೀರು ನೀರೇ.

ಹೀಗಿರುವಾಗ ಸರ್ಕಾರದ ಹೊಸ ನಿಯಮ ಬಂತು. ಬಾಡಿಗೆ ಆಂಬುಲೆನ್ಸ್‌ಗಳೆಲ್ಲ ಹೊಸದಾಗಿ ನೋಂದಣಿ ಆಗಬೇಕು. ಆಕ್ಸಿಜನ್ ಇರಬೇಕು, ಸ್ಟ್ರೆಚರಿಗೆ ಬೆಲ್ಟ್ ಇರಬೇಕು, ದರದ ಹಲಗೆ ಹೊರಗೆ ಕಾಣಬೇಕು. ಒಳಗೆ ರೋಗಿ ಇಲ್ಲದೆ ಸೈರನ್ ಹಾಕಬಾರದು.

ಸೈರನ್ನಿನ ಮಾತು ಕೇಳಿ ಕೊಟ್ರಬಸಪ್ಪನ ಮುಖ ಸಣ್ಣದಾಯಿತು. ಕರೆ ಇಲ್ಲದ ಹೊತ್ತಿನಲ್ಲಿ ಸುಂಕಮ್ಮನನ್ನು ಮನೆಯಲ್ಲಿ ಬಿಟ್ಟು ಹೋದವನು ಊಟಕ್ಕೆ ಬರುವಾಗ ಓಣಿಯ ತಿರುವಿನಲ್ಲಿ ಒಂದು ಸಲ ಕುಂಯ್ ಅನ್ನಿಸಿ ಬರುವುದು ಅವನ ರೂಢಿ. ಅದು ಕೇಳಿದ ಮೇಲೆ ಸುಂಕಮ್ಮ ಹೆಂಚಿನ ಮೇಲೆ ರೊಟ್ಟಿ ಹಾಕುವಳು.

"ಇನ್ನ ಮ್ಯಾಲ ಫೋನ್ ಮಾಡ್ತೀನಿ ಬಿಡಲೇ" ಎಂದ.

"ನಿಮ್ಮ ದನಿಗಿಂತ ಅದರ ದನಿ ಚಲೋ ಇತ್ತು" ಎಂದಳು ಸುಂಕಮ್ಮ.

ಅವಳು ನಗುತ್ತಿದ್ದುದನ್ನು ನೋಡಿ ಅವನು ಉಳಿದ ಮಾತನ್ನು ಮೆಲ್ಲಗೆ ಹೊರಗೆ ಬಿಟ್ಟ. "ಇನ್ನೊಂದು ಐತಿ. ಹಿಂದ ಕೂಡೋರು ತರಬೇತಿ ಮಾಡಿ ಪಾಸಾಗಿರಬೇಕಂತ. ಇಲ್ಲಂದ್ರ ಕೂಡಂಗಿಲ್ಲ. ಕೂಡ್ಲಿಗ್ಯಾಗ ಗವಿಸಿದ್ದೇಶ ಅಂತ ಒಬ್ಬ ಅದಾನ, ಪಾಸಾಗ್ಯಾನ. ಅವನ್ನ ಕರಕೊಂಡ್ರ ಹೆಂಗ?"

ಸುಂಕಮ್ಮನ ನಗು ನಿಂತಿತು. "ನನ್ನ ಜಾಗದಾಗ ಅವನು ಕೂಡ್ತಾನೇನು? ನಾನು ಮನ್ಯಾಗ ಕೂತು ನಿಮ್ಮ ಫೋನ್ ಕಾಯಬೇಕಾ? ತರಬೇತಿ ಎಲ್ಲಿ ಐತಿ ಹೇಳ್ರಿ. ನಾನ ಹೋಗ್ತೀನಿ."

ತರಬೇತಿ ಇದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ. ಕಲಿಸಲು ಬಂದವಳು ಸಮತಾ ಎಂಬ ನರ್ಸ್. ವಯಸ್ಸಿನಲ್ಲಿ ಸುಂಕಮ್ಮನ ಮಗಳಷ್ಟಿದ್ದರೂ ದನಿ ಮಾತ್ರ ಹೆಡ್‌ಮಾಸ್ತರದ್ದು. ನೆಲದ ಚಾಪೆಯ ಮೇಲೆ ಒಂದು ರಬ್ಬರ್ ಗೊಂಬೆ ಮಲಗಿಸಿದ್ದಳು. ತಲೆ, ಎದೆ, ಹೊಟ್ಟೆ ಇದ್ದವು. ಕೆಳಗೆ ಏನೂ ಇರಲಿಲ್ಲ.

"ಇವನ ಕಾಲು ಎಲ್ಲಿ ಹೋದವು ರೀ ಮೇಡಮ್?" ಸುಂಕಮ್ಮ ಗಾಬರಿಯಾದಳು.

"ಕಾಲು ಬೇಕಾಗಿಲ್ಲ ಅಮ್ಮಾ. ಉಸಿರು ನಿಂತೈತಿ ಅಂತ ತಿಳ್ಕೊಳ್ರಿ. ಎದಿ ಒತ್ತಿ ತೋರಿಸ್ರಿ."

ಸುಂಕಮ್ಮ ಮೊದಲು ಹೆಗಲ ಮೇಲಿನ ಟವೆಲನ್ನು ಗೊಂಬೆಯ ಹೊಟ್ಟೆಗೆ ಹೊದಿಸಿದಳು. ಬೆತ್ತಲೆ ಗಂಡಸಿನ ಮುಂದೆ ಹೇಗೆ ಕೂಡುವುದು? ಆಮೇಲೆ ಒತ್ತಿದಳು. ಜೋಳದ ರೊಟ್ಟಿ ತಟ್ಟಿ ಗಟ್ಟಿಯಾದ ಕೈ. ಗೊಂಬೆಯೊಳಗಿನ ಯಂತ್ರ ಟಿಕ್ ಟಿಕ್ ಎಂದು ಒಪ್ಪಿಗೆ ಕೊಟ್ಟಿತು. ಸಮತಾ ಖುಷಿಪಟ್ಟಳು.

"ಭಾಳ ಚಲೋ. ಈಗ ಇವನಿಗೆ ಉಸಿರು ಬಂತು ಅಂತ ತಿಳ್ಕೊಳ್ರಿ. ಮುಂದ ಏನು ಮಾಡ್ತೀರಿ?"

ಉಸಿರು ಬಂತು ಎಂದದ್ದೇ ತಡ, ಸುಂಕಮ್ಮನ ಕೈ ತಾನಾಗಿ ಚೀಲಕ್ಕೆ ಹೋಯಿತು. ತಂಬಿಗೆ ತೆಗೆದಳು, ಗೊಂಬೆಯ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು, "ಪಾಪ, ಎಲ್ಲಿಂದ ಬಂದಿಯಪ್ಪ" ಎನ್ನುತ್ತ ಬಾಯಿಗೆ ನೀರು ಹೊಯ್ದಳು.

"ಅಮ್ಮಾ! ಬ್ಯಾಡ!" ಸಮತಾ ಓಡಿ ಬರುವಷ್ಟರಲ್ಲಿ ಅರ್ಧ ತಂಬಿಗೆ ಒಳಗೆ ಹೋಗಿತ್ತು. ಗೊಂಬೆಯ ಎದೆಯೊಳಗೆ ಗುಳುಗುಳು ಸದ್ದಾಯಿತು. ಆಮೇಲೆ ಕುತ್ತಿಗೆಯ ಸಂದಿಯಿಂದ ನೀರು ಸೋರಿತು. ಯಂತ್ರ ಒಂದು ಸಲ ಕೀಚಲು ದನಿ ಮಾಡಿ ಸುಮ್ಮನಾಯಿತು. ಹಿಂದೆ ಕೂತಿದ್ದ ಡ್ರೈವರ್‌ಗಳು ಬಿದ್ದು ಬಿದ್ದು ನಕ್ಕರು.

"ಸರಿಯಾಗಿ ಎಚ್ಚರ ಬಾರದವರಿಗೆ ನೀರು ಹಾಕಿದ್ರ ಹೊಟ್ಟಿಗೆ ಹೋಗಂಗಿಲ್ಲ, ಶ್ವಾಸಕ್ಕ ಹೋಗ್ತೈತಿ. ಎಚ್ಚರ ಇದ್ದವರಿಗೂ ಆಪರೇಷನ್ ಆಗೋದು ಇರಬಹುದು. ದವಾಖಾನಿ ಮುಟ್ಟೋತನ ಬಾಯಿಗೆ ಏನೂ ಹಾಕಬಾರದು. ತುಟಿ ಒಣಗಿದ್ರ ಒದ್ದಿ ಬಟ್ಟಿ ಮುಟ್ಟಿಸ್ರಿ, ಅಷ್ಟ" ಎಂದಳು ಸಮತಾ, ಗೊಂಬೆಯನ್ನು ತಲೆಕೆಳಗು ಮಾಡಿ ನೀರು ಬಸಿಯುತ್ತ. "ಇವತ್ತು ಫೇಲ್ ನೀವು. ಗಾಡಿ ನೋಡಾಕ ಸಾಹೇಬರು ಕೊಟ್ಟೂರಿಗೆ ಬರ್ತಾರ, ಅವತ್ತು ಇನ್ನೊಂದು ಸಲ ಕೇಳ್ತಾರ. ಅದು ಕೊನೀ ಸಲ."

ಬಸ್ಸಿನಲ್ಲಿ ವಾಪಸು ಬರುವಾಗ ಸುಂಕಮ್ಮನಿಗೆ ಸಿಟ್ಟು ಬಂದಿತ್ತು. ಮನೆಗೆ ಬಂದವರಿಗೆ ನೀರು ಕೊಡಬೇಡ ಅನ್ನುವ ನಿಯಮ ಯಾವ ಊರಿನದು? ಆದರೆ ಸಿಟ್ಟಿನ ಕೆಳಗೆ ಆ ಗುಳುಗುಳು ಸದ್ದು ಕೇಳುತ್ತಲೇ ಇತ್ತು. ಗೊಂಬೆಯ ಎದೆಯಲ್ಲಿ ಕೇಳಿದ್ದು ಮನುಷ್ಯರ ಎದೆಯಲ್ಲೂ ಕೇಳುತ್ತದಲ್ಲ ಎಂದು ಅನ್ನಿಸಿದ ಮೇಲೆ ಸಿಟ್ಟು ಇಳಿಯಿತು. ಮನೆಗೆ ಬಂದವಳೇ ತಂಬಿಗೆಯನ್ನು ಗಂಡನ ಕೈಗೆ ಕೊಟ್ಟು, "ಇದು ಇನ್ನ ಮ್ಯಾಲ ನಿಮ್ಮ ಕಡೆ ಮುಂದಿರಲಿ. ನಾನು ಬೇಡಿದ್ರೂ ಕೊಡಬ್ಯಾಡ್ರಿ" ಎಂದಳು.

ಹೇಳಿದಷ್ಟು ಸುಲಭವಾಗಲಿಲ್ಲ. ಅದೇ ವಾರ ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ಕರೆ ಬಂತು. ಕೆಂಚಕ್ಕ ಎಂಬ ಮುದುಕಿ ಕುರಿಹಟ್ಟಿಯ ಗೋಡೆ ಹತ್ತಿ ಬೇಲಿ ಸರಿ ಮಾಡಲು ಹೋಗಿ ಬಿದ್ದು ತೊಡೆ ಮುರಿದುಕೊಂಡಿದ್ದಳು. ಕಾಲು ಮುರಿದಿತ್ತೇ ಹೊರತು ಬಾಯಿಗೆ ಏನೂ ಆಗಿರಲಿಲ್ಲ. ಗಾಡಿ ಹರಪನಹಳ್ಳಿ ದಾರಿ ಹಿಡಿದದ್ದೇ ಶುರು ಮಾಡಿದಳು.

"ನೀರು ಕೊಡ."

"ಇಲ್ಲಬೇ, ದವಾಖಾನ್ಯಾಗ ಕೊಡ್ತಾರ."

"ಮುಂದ ತಂಬಿಗಿ ಹೊಳಿಯಾಕ ಹತ್ತೈತಿ, ನನ್ನ ಕಣ್ಣು ಹೋಗಿಲ್ಲ!"

"ಅದು ಡ್ರೈವರ್‌ದು."

"ಅವನ ಕಾಲು ಮುರಿದೈತೇನು? ಮನಿಗೆ ಬಂದವರಿಗೆ ಒಂದು ಗುಟುಕು ನೀರು ಕೊಡದ ಹೆಂಗಸು ನೀನು! ಯಾವ ತಾಯಿ ಹಡದಾಳ ನಿನ್ನ?"

ಆ ಮಾತು ಸುಂಕಮ್ಮನಿಗೆ ನೆಟ್ಟಗೆ ಚುಚ್ಚಿತು. ಕೈ ಎರಡು ಸಲ ಮುಂದಕ್ಕೆ ಹೋಗಿ ಎರಡು ಸಲ ಹಿಂದಕ್ಕೆ ಬಂತು. ಕೊನೆಗೆ ತಡೆಯದೆ, "ರೀ, ಆ ನೀರು ನೀವ ಕುಡದು ಖಾಲಿ ಮಾಡ್ರಿ!" ಎಂದು ಕೂಗಿದಳು. ಕೊಟ್ರಬಸಪ್ಪ ಗಾಡಿ ಬದಿಗೆ ನಿಲ್ಲಿಸಿ, ತಂಬಿಗೆ ಎತ್ತಿ, ಗಟಗಟ ಕುಡಿದ. ಕೆಂಚಕ್ಕ ಅವನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಅವಳು ಆಡಿದ ಬೈಗುಳಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಸುಂಕಮ್ಮ ಮೊದಲೇ ತೋಯಿಸಿ ಇಟ್ಟುಕೊಂಡಿದ್ದ ಬಟ್ಟೆಯನ್ನು ಅವಳ ತುಟಿಗೆ ಮುಟ್ಟಿಸುತ್ತ, ಬೈಸಿಕೊಳ್ಳುತ್ತ ಹೋದಳು.

ಆಸ್ಪತ್ರೆಯ ಡಾಕ್ಟರು ಕೇಳಿದರು, "ದಾರಿಯಲ್ಲಿ ಏನಾದರೂ ಕುಡಿಸಿದಿರಾ?"

"ಕುಡಿಸೋದಾ!" ಉತ್ತರ ಕೊಟ್ಟವಳು ಕೆಂಚಕ್ಕನೇ. "ಗಂಡ ಕುಡದ, ಹೆಂಡತಿ ಕುಡಿಸಿದಳು, ನಾನು ನೋಡಿದೆ!"

"ಒಳ್ಳೇದಾಯಿತು. ಹಾಗಾದರೆ ಆಪರೇಷನ್ ತಡ ಮಾಡೋದು ಬೇಡ" ಎಂದರು ಡಾಕ್ಟರು. ಸುಂಕಮ್ಮ ಹೊರಗೆ ಬಂದು, ನಲ್ಲಿಗೆ ಬಾಯಿ ಹಚ್ಚಿ ಹೊಟ್ಟೆ ತುಂಬ ನೀರು ಕುಡಿದಳು. ಮುದುಕಿಯ ಜೊತೆ ಅವಳೂ ದಾರಿಯುದ್ದಕ್ಕೂ ನೀರಡಿಸಿದ್ದಳು.

ಪರೀಕ್ಷೆಯ ದಿನ ಬಂತು. ಜಿಲ್ಲೆಯಿಂದ ಅರುಣಕುಮಾರ್ ಎಂಬ ಅಧಿಕಾರಿ ಬಂದರು, ಜೊತೆಗೆ ಸಮತಾ. ಗಾಡಿ ಕೊಟ್ರಬಸಪ್ಪನ ಮನೆ ಮುಂದೆಯೇ ನಿಂತಿತ್ತು. ಆಕ್ಸಿಜನ್ ನೋಡಿದರು, ದರದ ಹಲಗೆ ನೋಡಿದರು, ಎಲ್ಲ ಸರಿ ಎಂದರು.

"ಗೊಂಬೆ ಎಲ್ಲಿ?" ಎಂದು ಕೇಳಿದರು ಅರುಣಕುಮಾರ್.

"ಇನ್ನೂ ಒಣಗಿಲ್ಲ ಸರ್" ಎಂದಳು ಸಮತಾ, ಸುಂಕಮ್ಮನ ಕಡೆ ನೋಡದೆ.

"ಹೋಗಲಿ, ನಾನೇ ಮಲಗ್ತೀನಿ. ಅಪಘಾತ ಆಗಿದೆ ಅಂತ ತಿಳ್ಕೊಳ್ಳಿ ತಾಯಿ" ಎಂದು ಗಾಡಿಯ ಸ್ಟ್ರೆಚರ್ ಮೇಲೆ ಮಲಗಿದರು.

ಸುಂಕಮ್ಮ ಎಚ್ಚರ ಇದೆಯೇ ಎಂದು ಅವರನ್ನು ಕರೆದು ನೋಡಿದಳು, ಉಸಿರು ನೋಡಿದಳು, ಕುತ್ತಿಗೆ ಅಲುಗದಂತೆ ಇಟ್ಟಳು, ಎದೆಗೆ ಒಂದು, ಸೊಂಟಕ್ಕೆ ಒಂದು, ಮೊಣಕಾಲಿಗೆ ಒಂದು ಬೆಲ್ಟ್ ಬಿಗಿದಳು. ರೊಟ್ಟಿ ತಟ್ಟುವ ಕೈಯ ಬಿಗಿತ. ಬಾಗಿಲು ಹಾಕಿ ಪಕ್ಕದಲ್ಲಿ ಕೂತಳು. ಸಮತಾ ಕಿಟಕಿಯಿಂದ ಒಂದೊಂದೇ ಪ್ರಶ್ನೆ ಕೇಳಿದಳು. ಸುಂಕಮ್ಮ ಕೆಲವಕ್ಕೆ ಸರಿಯಾಗಿ ಹೇಳಿದಳು, ಕೆಲವಕ್ಕೆ ತಡವರಿಸಿದಳು. ಮಧ್ಯಾಹ್ನದ ಬಿಸಿಲಿಗೆ ಗಾಡಿಯ ತಗಡು ಹೆಂಚಿನಂತೆ ಕಾದಿತ್ತು. ಅಧಿಕಾರಿಯ ಹಣೆಯಲ್ಲಿ ಬೆವರಿಳಿಯಿತು.

"ಸ್ವಲ್ಪ ನೀರು ಕೊಡಮ್ಮ."

"ಇಲ್ಲ ರೀ."

"ಇದು ಪರೀಕ್ಷೆಯ ಮಾತಲ್ಲ. ನನಗೆ ನಿಜವಾಗ್ಲೂ ಬಾಯಾರಿದೆ."

"ಎಲ್ಲಾರೂ ಹಂಗ ಅಂತಾರ."

ಅವರು ಏಳಲು ನೋಡಿದರು, ಬೆಲ್ಟ್ ಬಿಡಲಿಲ್ಲ. ಕೊಟ್ರಬಸಪ್ಪ ಗಾಬರಿಯಾಗಿ ಎಳನೀರು ಹಿಡಿದು ಕಿಟಕಿಗೆ ಬಂದ.

"ರೀ, ಆ ಎಳನೀರು ತಗೊಂಡು ದೂರ ಹೋಗ್ರಿ! ಪೇಷಂಟ್ ನೋಡಾಕ ಹತ್ತ್ಯಾನ."

"ತಾಯಿ, ಪರೀಕ್ಷೆ ಮುಗೀತು. ಬಿಡು."

"ಪಾಸೋ ಫೇಲೋ ಹೇಳ್ರಿ ಮೊದಲು. ಅಲ್ಲಿತನ ನೀವು ಪೇಷಂಟ್."

"ಪಾಸು! ಪಾಸು ನನ್ನವ್ವಾ!"

ಸಮತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು. ಸುಂಕಮ್ಮ ಒಂದೊಂದೇ ಬೆಲ್ಟ್ ಬಿಚ್ಚಿ, ಅಧಿಕಾರಿಯ ಕೈ ಹಿಡಿದು ಗಾಡಿಯಿಂದ ಇಳಿಸಿದಳು. ಮನೆ ಮುಂದಿನ ಕಟ್ಟೆಯ ಮೇಲೆ ಕೂಡಿಸಿದಳು. ಒಳಗೆ ಹೋಗಿ, ಬೆಳಗಿ ಇಟ್ಟಿದ್ದ ಹಿತ್ತಾಳೆ ತಂಬಿಗೆಯ ತುಂಬ ತಣ್ಣನೆಯ ನೀರು ತಂದು ಅವರ ಮುಂದೆ ಇಟ್ಟಳು.

"ತಗೊಳ್ರಿ ಸಾಹೇಬರ. ಈಗ ನೀವು ನಮ್ಮನಿಗೆ ಬಂದೀರಿ."