ಟೈಂ ಆಫೀಸಿನ ಕಂಪ್ಯೂಟರಿನಲ್ಲಿ ನಮ್ಮ ಗುಂಪು

ಟಾಯ್ಲೆಟ್ಟಿಗೆ ಹೋಗಲು ಟೋಕನ್ ತೆಗೆದುಕೊಳ್ಳಬೇಕು ಎಂಬ ನಿಯಮ ಮಾಡಿದವನು ಗಂಡಸೇ ಇರಬೇಕು. ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಇಪ್ಪತ್ತು ಹೆಂಗಸರಿಗೆ ಎರಡೇ ಟೋಕನ್. ಒಂದು ದಿನ ಎಲ್ಲರೂ ಒಟ್ಟಿಗೆ ಮೆಷಿನ್ ನಿಲ್ಲಿಸೋಣ ಎಂದು ಫೋನಿನಲ್ಲಿ ಗುಂಪು ಕಟ್ಟಿದೆ. ನಾನೇ ಅಡ್ಮಿನ್. ನಮ್ಮ ಮಾತನ್ನು ಹೊರಗಿನವರು ಯಾರೂ ಓದಲಾರರು ಎಂದು ಮೇಲೆ ಬೀಗದ ಗುರುತು ಹಾಕಿ ಬರೆದಿತ್ತು, ನಂಬಿದೆವು.

ಆದರೆ ಬಸ್ಸಿನಲ್ಲಿ ಬರೆದ ಮಾತು ನಾವು ಗೇಟು ದಾಟುವಷ್ಟರಲ್ಲಿ ನಮ್ಮ ಹಾಜರಿ ಬರೆಯುವ ಟೈಂ ಆಫೀಸರನ ಬಾಯಲ್ಲಿರುತ್ತಿತ್ತು. "ಏನ್ರಮ್ಮ, ಬುಧವಾರ ಮೆಷಿನ್ ನಿಲ್ಲಿಸ್ತೀರಂತೆ?" ಎಂದು ಹಲ್ಲು ಕಿರಿಯುತ್ತಿದ್ದ. ನಮ್ಮೊಳಗೇ ಯಾರೋ ಚಾಡಿ ಹೇಳುತ್ತಿದ್ದಾರೆ ಎಂದಾಯಿತು. ಎಲ್ಲರ ಕಣ್ಣು ನನ್ನ ಪಕ್ಕದ ಮೆಷಿನ್ನಿನವಳ ಮೇಲೆ ಬಿತ್ತು. ಮಳವಳ್ಳಿಯ ಮೆಕ್ಯಾನಿಕ್ ಒಬ್ಬನ ತಂಗಿ. ಅವಳ ಅಣ್ಣ ಆ ಆಫೀಸರನ ಬೈಕು ರಿಪೇರಿ ಮಾಡುತ್ತಾನೆ, ಅಷ್ಟು ಸಾಕಲ್ಲ! ನಾನೇ ಅವಳನ್ನು ಗುಂಪಿನಿಂದ ತೆಗೆದೆ. ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ.

ಅವಳನ್ನು ತೆಗೆದ ಮೇಲೂ ಸುದ್ದಿ ಹೋಗುತ್ತಲೇ ಇತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನ್ ತೆಗೆದರೆ, ನಾನು ಮುಟ್ಟೇ ಇರದ ಮೆಸೇಜುಗಳು ಆಗಲೇ ಓದಿದಂತೆ ಕೂತಿವೆ. ಇದ್ಯಾವ ದೆವ್ವ ಎಂದು ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಲಿಂಕ್ ಆದ ಸಾಧನಗಳು ಎಂಬಲ್ಲಿ ಒಂದು ಕಂಪ್ಯೂಟರು ಸಿಕ್ಕಿತು. ಇವತ್ತೂ ಚಾಲ್ತಿಯಲ್ಲಿದೆ ಎಂದು ತೋರಿಸುತ್ತಿತ್ತು.

ಆಗ ಹೊಳೆಯಿತು. ನಮ್ಮ ಕಡೆ ಆಧಾರ್ ಪ್ರಿಂಟ್ ಬೇಕೆಂದರೆ ಫೋನನ್ನು ಕಂಪ್ಯೂಟರಿನವನ ಕೈಗೇ ಕೊಟ್ಟುಬಿಡುವುದು ರೂಢಿ. ಅವನು ಪರದೆಯ ಮೇಲಿನ ಕೋಡಿಗೆ ಅದನ್ನು ಹಿಡಿದು, ನಮ್ಮ ಮೆಸೇಜುಗಳನ್ನೆಲ್ಲ ಅಲ್ಲಿ ತೆರೆದು, ಪ್ರಿಂಟ್ ಹೊಡೆದು ಫೋನ್ ವಾಪಸ್ ಕೊಡುತ್ತಾನೆ. ಲಾಗೌಟ್ ಮಾಡಿದೆಯಾ ಎಂದು ಯಾರೂ ಕೇಳುವುದಿಲ್ಲ. ತಿಂಗಳ ಹಿಂದೆ ಟೈಂ ಆಫೀಸಿನಲ್ಲಿ ನಾನೂ ಆ ಆಫೀಸರನ ಕೈಗೆ ಹಾಗೇ ಕೊಟ್ಟಿದ್ದೆ. ನನ್ನ ಬುದ್ಧಿಗಷ್ಟು ಬೆಂಕಿ ಹಾಕ!

ಅಲ್ಲೇ ಕೂತು ಸುಮ್ಮನೆ ಲಾಗೌಟ್ ಮಾಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ನೆಟ್ಟಗೆ ಹೋಗಿ ಅವನ ಟೇಬಲ್ಲಿನ ಪಕ್ಕ ನಿಂತು ಗುಂಪಿಗೆ ಬರೆದೆ: "ಬುಧವಾರ ಮೆಷಿನ್ ನಿಲ್ಲುತ್ತೆ. ಸಾರ್ ಕೂಡ ಓದಿಕೊಳ್ಳಲಿ." ಮರುಕ್ಷಣ ಅದು ಅವನ ಪರದೆಯ ಮೇಲೆ ಬಂತು. ಅವನ ಮುಖ ಪೆಚ್ಚಾಯಿತು.

"ಓದುದ್ರಾ ಸಾರ್? ಇನ್ ಸಾಕು" ಎಂದು ಅವನ ಕಣ್ಣೆದುರೇ ಲಾಗೌಟ್ ಒತ್ತಿದೆ.

"ಕೆಲ್ಸ ಬೇಕೋ ಬ್ಯಾಡ್ವೋ ನಿಂಗೆ?"

"ಕೆಲ್ಸ ಬೇಕು ಸಾರ್. ಟೋಕನ್ ಬ್ಯಾಡ."

ಸಂಜೆ ಬಸ್ಸಿನಲ್ಲಿ ಆ ಮಳವಳ್ಳಿಯವಳ ಪಕ್ಕ ಕೂತು ನಡೆದಿದ್ದನ್ನೆಲ್ಲ ಮೆಲ್ಲಗೆ ಹೇಳಿದೆ. ಗುಂಪಿಗೆ ಮತ್ತೆ ಸೇರಿಸಲು ಫೋನ್ ತೆಗೆದರೆ ನನ್ನ ಕೈ ಹಿಡಿದು ತಡೆದಳು.

"ತೆಗೆಯೋವಾಗ ಎಲ್ರೂ ನೋಡೋಂಗೆ ತೆಗ್ದೆ. ಈಗ ಕಿವೀಲಿ ಯೋಳ್ತಿದ್ದೀಯಲ್ಲಕ್ಕ?"

ಆಫೀಸರನ ಮುಂದೆ ನಿಂತದ್ದಕ್ಕಿಂತ ಇದು ಕಷ್ಟ. ಆದರೂ ಕಂಬಿ ಹಿಡಿದು ಎದ್ದು ನಿಂತೆ.

"ಎಲ್ರೂ ಕೇಳ್ರಮ್ಮಿ ಇಲ್ಲಿ! ಸುದ್ದಿ ಓಗಿದ್ದು ನನ್ ಫೋನಿಂದ. ಇವ್ಳುದ್ದು ಏನೂ ತಪ್ಪಿಲ್ಲ ಕಣ್ರೇ. ಉಗಿಯಂಗಿದ್ರೆ ನಂಗೆ ಉಗೀರಿ."

ಉಗಿದರು, ಮಳವಳ್ಳಿ ಬರುವ ತನಕ. ಅವಳು ಮಾತ್ರ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಬುಧವಾರ ಎಲ್ಲರಿಗಿಂತ ಮೊದಲು ಮೆಷಿನ್ ನಿಲ್ಲಿಸಿದವಳು ಅವಳು.